ಯಾರ ಬಲಕ್ಕೆ?

ವಳಸಂಗದಲ್ಲಿ ನಲವತ್ತು ಎಕರೆ ಎರೆಹೊಲ, ಎರಡು ಬಾವಿ, ಆರು ಎತ್ತು ಇದ್ದ ಶಾಂತಲಿಂಗಪ್ಪ ಗೌಡನಿಗೆ ದೇವರು ಕೊಡದೆ ಬಿಟ್ಟದ್ದು ಒಂದೇ, ಸುಮ್ಮನಿರುವ ಬುದ್ಧಿ. ಮೂವತ್ತು ದಾಟುವ ಮೊದಲೇ ಅವನಿಗೆ ವಿಮಾನದ ಹುಚ್ಚು ಹಿಡಿಯಿತು. ಊರಿನವರು ಮೊದಲು ಅಯ್ಯೋ ಪಾಪ ಅಂದರು, ಆಮೇಲೆ ನಕ್ಕರು, ಕಡೆಗೆ ‘ಪಂಖಾ ಗೌಡ’ ಎಂದು ಹೆಸರಿಟ್ಟು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಹುಚ್ಚಿಗೂ ಒಂದು ಕಾರಣವಿತ್ತು. ಸಾವಿರದ ಒಂಬೈನೂರ ಇಪ್ಪತ್ತೆಂಟರಲ್ಲಿ ಯಾರೋ ಒಬ್ಬ ಸಾಹೇಬನ ಪುಟ್ಟ ವಿಮಾನ ಪೆಟ್ರೋಲು ತೀರಿ ಅವನ ಕಡಲೆ ಹೊಲದಲ್ಲಿ ಇಳಿದಿತ್ತು. ಶಾಂತಲಿಂಗಪ್ಪ ಸೊಲ್ಲಾಪುರಕ್ಕೆ ಆಳು ಓಡಿಸಿ ಪೆಟ್ರೋಲು ತರಿಸಿದ, ಸಾಹೇಬನಿಗೆ ರೊಟ್ಟಿ, ಶೇಂಗಾ ಚಟ್ನಿ ಉಣ್ಣಿಸಿದ. ಸಾಹೇಬ ಮೂಗು ಒರೆಸಿಕೊಳ್ಳುತ್ತ, ನಿನ್ನನ್ನೂ ಒಂದು ಸುತ್ತು ಮೇಲೆ ಒಯ್ಯುತ್ತೇನೆ, ಮೊದಲು ಮುಂದಿನ ಪಂಖಾ ತಿರುಗಿಸಿ ಎಂಜಿನ್ ಚಾಲೂ ಮಾಡು ಎಂದು ಸನ್ನೆ ಮಾಡಿದ. ಇವನು ತಿರುಗಿಸಿದ. ಎಂಜಿನ್ ಚಾಲೂ ಆಯಿತು, ಸಾಹೇಬ ಕೈ ಬೀಸಿ ಹಾರಿಹೋದ. ಕಣ್ಣ ತುಂಬ ಮಣ್ಣು ತುಂಬಿಕೊಂಡು ನಿಂತವನಿಗೆ ಅಂದಿನಿಂದ ಒಂದೇ ಆಸೆ: ಸಾಯುವುದರೊಳಗೆ ಒಮ್ಮೆಯಾದರೂ ತನ್ನ ಹೊಲವನ್ನು ತಾನು ಮೇಲಿನಿಂದ ನೋಡಬೇಕು.

ವಿಮಾನದ ಮೈ ಎರಡೇ ವರ್ಷದಲ್ಲಿ ಎದ್ದಿತು. ಮೋನಪ್ಪ ಬಡಿಗೇರ ಮರದ ಹಂದರ ಕಟ್ಟಿದ, ಸೊಲ್ಲಾಪುರದ ಗಿರಣಿ ಬಟ್ಟೆ ಬಿಗಿದು ವಾರ್ನಿಶ್ ಹೊಡೆದದ್ದಾಯಿತು. ನಿಂತುಹೋದದ್ದು ಎಂಜಿನ್ನಿನ ಹತ್ತಿರ. ಶಾಂತಲಿಂಗಪ್ಪನಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ ಅಂತಲ್ಲ, ಎಲ್ಲವೂ ಒಪ್ಪಿಗೆಯಾಗುತ್ತಿದ್ದವು. ಮೋಟಾರು ಕಾರಿನ ಎಂಜಿನ್ನಿಗೆ ತಾಕತ್ತುಂಟು, ಆದರೆ ಅದರ ಭಾರ ಹೊರುವುದಕ್ಕೇ ಆ ತಾಕತ್ತೆಲ್ಲ ಮುಗಿದುಹೋಗುತ್ತಿತ್ತು. ಮೋಟಾರು ಸೈಕಲ್ಲಿನದು ಹಗುರ, ಆದರೆ ಹತ್ತು ನಿಮಿಷದಲ್ಲಿ ಕಾದು ಕೆಂಡ. ಸಣ್ಣ ಪಂಖಾ ಭರದಿಂದ ತಿರುಗಿದರೆ ಸದ್ದು ಬಹಳ, ಎಳೆತ ಕಡಿಮೆ. ದೊಡ್ಡ ಪಂಖಾ ಸಾವಕಾಶ ತಿರುಗಿ ಚೆನ್ನಾಗಿ ಎಳೆಯುತ್ತದೆ, ಆದರೆ ನೆಲಕ್ಕೆ ಬಡಿಯುತ್ತದೆ. ಮುಂಬೈಯಿಂದ, ವಿಲಾಯತಿಯಿಂದ ಕ್ಯಾಟಲಾಗುಗಳು ಬರುತ್ತಲೇ ಇದ್ದವು; ಹೀಗೆ ಹೋಲಿಸುವುದರಲ್ಲಿ ಆರು ವರ್ಷ ಹೋದವು.

ಅವನ ತಂಗಿಗೆ ವರ ನೋಡಲು ಅಕ್ಕಲಕೋಟೆಗೆ ಹೋದದ್ದೂ ಆ ವರ್ಷಗಳಲ್ಲೇ. ಬೀಗರಾಗಬೇಕಿದ್ದವರ ಮನೆ ಹಿಂದೆ ಹಿಟ್ಟಿನ ಗಿರಣಿ ಇತ್ತು. ಊರಿಗೆ ಮರಳಿದವನನ್ನು ಹೆಂಡತಿ ಗುರಮ್ಮ ಬಾಗಿಲಲ್ಲೇ ಕೇಳಿದಳು, “ಹ್ಯಾಂಗದರಿ?”

“ನೋಡಾಕ ಛಲೋ ಅದ. ಆದ್ರ ಭಾರ ಭಾಳ. ಆ ತೂಕಕ್ಕ ತಾಕತ್ತಿಲ್ಲ. ಮ್ಯಾಲ ಹೊಗಿ ಬಿಡ್ತದ,” ಅಂದ ಶಾಂತಲಿಂಗಪ್ಪ.

ಹುಡುಗ ಬೀಡಿ ಸೇದುತ್ತಾನೆಂದು ಗುರಮ್ಮ ಸಂಬಂಧ ಬೇಡವೆಂದು ಹೇಳಿ ಕಳಿಸಿದಳು. ಗಂಡ ಹುಡುಗನನ್ನು ನೋಡೇ ಇರಲಿಲ್ಲ, ನೋಡಿದ್ದು ಗಿರಣಿಯ ಎಂಜಿನ್ನನ್ನು ಎಂದು ತಿಳಿಯುವಷ್ಟರಲ್ಲಿ ಆ ಹುಡುಗನಿಗೆ ಬೇರೆ ಕಡೆ ಲಗ್ನವಾಗಿತ್ತು. ಅಲ್ಲಿಗೆ ಗುರಮ್ಮನ ತಾಳ್ಮೆ ಮುಗಿಯಿತು. ವಿಮಾನ ನಿಂತಿದ್ದದ್ದು ಕಣಕಿ ಒಟ್ಟುವ ಕೊಟ್ಟಿಗೆಯಲ್ಲಿ. ದನದ ಮೇವು ಆರು ವರ್ಷ ಮಳೆಯಲ್ಲಿ ನೆನೆದಿತ್ತು.

“ಈ ಸುಗ್ಗಿ ರಾಶಿ ಮುಗಿಯೂತನಕ ನಿಮ್ಮ ವಿಮಾನಕ್ಕ ಜಾಗಾ ಅದ,” ಅಂದಳು. “ಹಾರಿದ್ರ ಹಾರ್ರಿ, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಾಂದ್ರ ನೀವು ತರೂ ಎಂಜಿನ್ ನೀರೆತ್ತಾಕ ಬಾವಿಗಿ, ಕೊಟ್ಟಿಗಿ ಕಣಕಿಗಿ. ಮುಂದ ನನಗ ವಿಮಾನದ ಸುದ್ದಿ ಹೇಳಬ್ಯಾಡ್ರಿ.”

ಗುರಮ್ಮನ ಮಾತೆಂದರೆ ಕಲ್ಲಿನ ಮೇಲಿನ ಗೆರೆ. ಆರು ವರ್ಷದಲ್ಲಿ ಆಗದ ತೀರ್ಮಾನ ಆರು ದಿನದಲ್ಲಿ ಆಯಿತು. ಸೊಲ್ಲಾಪುರದಲ್ಲಿ ಒಂದು ಹಳೆಯ ಮೋಟಾರು ಸೈಕಲ್ಲಿನ ಎರಡು ಸಿಲಿಂಡರಿನ ಎಂಜಿನ್ ಸಿಕ್ಕಿತು. ಅದನ್ನು ವಿಮಾನದ ಮೂತಿಗೆ ಕೂಡಿಸಿ, ಶಾಂತಲಿಂಗಪ್ಪ ಒಳಗೆ ಕೂತು ಹಿಡಿಕೆಗಳನ್ನು ಮುಟ್ಟಿ ನೋಡುತ್ತಿದ್ದಾಗ ಮೋನಪ್ಪ ಮುಂದೆ ಬಂದು ನಿಂತ. ಪಂಖಾ ಕೊರೆಯಲು ಸಾಗವಾನಿ ದಿಮ್ಮಿ ತಯಾರಿತ್ತು.

“ಪಂಖಾ ಯಾವ ಕಡಿ ತಿರಗ್ತದರಿ, ಗೌಡ್ರ?”

“ಬಲಕ್ಕ.”

“ಹಂಗ ಇರ್ಬೇಕ್ ಬಿಡ್ರಿ. ಎಡಸುತ್ತ ತಿರಗೂದು ಒಳ್ಳೇದಲ್ಲ,” ಎಂದು ಮೋನಪ್ಪ ಎಂಜಿನ್ನಿಗೆ ಕೈ ಮುಗಿದು ಹೋದ. ಒಳಗೆ ಕೂತವನು ತನ್ನ ಬಲಗೈ ನೋಡಿಕೊಂಡು ಹೇಳಿದ್ದ. ಎದುರು ನಿಂತವನು ತನ್ನ ಬಲಗೈ ನೋಡಿಕೊಂಡು ಕೇಳಿದ್ದ. ಇಬ್ಬರೂ ಜಾಣರೇ, ಆದ್ದರಿಂದ ಇನ್ನೊಮ್ಮೆ ಕೇಳುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ.

ಆ ವರ್ಷ ಸುಗ್ಗಿಯಲ್ಲಿ ಗಾಳಿ ಕೈಕೊಟ್ಟಿತ್ತು. ತುಳಿಸಿದ ಬಿಳಿಜೋಳ ಹೊಟ್ಟಿನ ಸಮೇತ ಕಣಗಳಲ್ಲಿ ಬಿದ್ದಿತ್ತು. ತೂರೋಣವೆಂದರೆ ಎಂಟು ದಿನದಿಂದ ಒಂದು ಎಲೆಯೂ ಅಲುಗಿರಲಿಲ್ಲ. ಪಡುವಣಕ್ಕೆ ಮೋಡ ಬೇರೆ ಕಟ್ಟುತ್ತಿತ್ತು. ಕೆಲಸವಿಲ್ಲದೆ ಕೂತಿದ್ದ ಊರೆಲ್ಲ ಗೌಡನ ವಿಮಾನ ನೋಡಲು ಕಣದ ಪಕ್ಕದ ಬಯಲಿಗೆ ಬಂತು. ಶಾಂತಲಿಂಗಪ್ಪ ತಲೆಗೆ ಹೊಸ ಪಟಕಾ ಸುತ್ತಿ ಒಳಗೆ ಕೂತ. ಮೋನಪ್ಪ ಪಂಖಾ ಎಳೆದು ಬಿಟ್ಟ. ಎಂಜಿನ್ ಗುಡುಗಿತು.

ವಿಮಾನ ಹಿಂದಕ್ಕೆ ಹೊರಟಿತು.

ನಿಧಾನವಾಗಿ, ಮರ್ಯಾದಸ್ಥ ಎಮ್ಮೆಯ ಹಾಗೆ ಹಿಂದೆ ಹಿಂದೆ ಸರಿದು, ಅರ್ಧ ಸುತ್ತು ಅಡ್ಡ ತಿರುಗಿ, ಮೇವಿನ ಬಣವೆಗೆ ಬಾಲ ಚುಚ್ಚಿ ನಿಂತಿತು. ಎಂಜಿನ್ ಬಂದ್ ಮಾಡುತ್ತೇನೆ, ಪಂಖಾ ಬಿಚ್ಚಿ ಹಿಂದುಮುಂದು ಮಾಡಿ ಕೂಡಿಸು ಅಂದ ಶಾಂತಲಿಂಗಪ್ಪ. ಮೋನಪ್ಪನಿಗೆ ಅಷ್ಟರಲ್ಲಿ ತಪ್ಪು ಹೊಳೆದಿತ್ತು. “ನಟ್ ಹಿಂದ ಮುಂದ ಮಾಡಿದ್ರ ಅದರೊಳಗಿನ ಸುತ್ತು ಬದಲಾಗ್ತಾವೇನ್ರಿ, ಗೌಡ್ರ? ಪಂಖಾದ್ದೂ ಹಂಗ. ಬ್ಯಾರೇನ ಕೊರೀಬೇಕು. ನಾಕು ದಿನ ಕೊಡ್ರಿ.”

ಆದರೆ ಬಂದ್ ಮಾಡುವ ಮಾತು ಯಾರಿಗೂ ಬೇಕಿರಲಿಲ್ಲ. ವಿಮಾನದ ಮೂತಿ ಚನ್ನವೀರಪ್ಪ ಪಾಟೀಲರ ಕಣದ ಕಡೆಗಿತ್ತು. ಆ ಕಣದಲ್ಲಿ ಹೊಟ್ಟು ಎದ್ದು ಮೋಡದಂತೆ ಹಾರುತ್ತಿತ್ತು, ಕಾಳು ಇದ್ದಲ್ಲೇ ಇತ್ತು. ಎಪ್ಪತ್ತು ವರ್ಷದ ಚನ್ನವೀರಪ್ಪ ಧೋತರ ಎತ್ತಿಕೊಂಡು ಓಡಿಬಂದರು.

“ತಮ್ಮಾ, ನಿನ್ನ ಕಾಲಿಗಿ ಬೀಳ್ತೀನಿ, ಬಂದ್ ಮಾಡಬ್ಯಾಡ! ಮೊರಾ ತರ್ರಿ, ಬುಟ್ಟಿ ತರ್ರಿ!”

ಮೂರು ದಿನ ವಳಸಂಗ ತೂರಿತು. ಹತ್ತು ನಿಮಿಷಕ್ಕೊಮ್ಮೆ ಎಂಜಿನ್ ತಣಿಯಲು ಬಿಡುವುದು, ಕಣದಿಂದ ಕಣಕ್ಕೆ ವಿಮಾನವನ್ನು ಎತ್ತು ಹೂಡಿ ಎಳೆಯುವುದು. ಗುರಮ್ಮ ತಾನೇ ಬುಟ್ಟಿ ಎತ್ತಿ ಹಿಡಿದು ಜೋಳ ಸುರಿದಳು. ಅವಳ ಕೂದಲ ತುಂಬ ಹೊಟ್ಟು, ಮುಖದ ತುಂಬ ನಗು. ಮಳೆ ಬಂದದ್ದು ಕಡೆಯ ಚೀಲ ಮನೆ ಸೇರಿದ ಮೇಲೆ. ‘ಪಂಖಾ ಗೌಡ’ ಹೋಗಿ ‘ಪಂಖಾ ಗೌಡ್ರು’ ಆಯಿತು.

ರಾಶಿ ಮುಗಿದ ಮರುದಿನ ಬೆಳಿಗ್ಗೆ ಮೋನಪ್ಪ ಹೊಸ ಪಂಖಾ ತಂದುಕೊಟ್ಟ. ಈ ಸಲ ಬಲ ಯಾರದೆಂದು ಮೂರು ಸಲ ಕೇಳಿ ಕೊರೆದಿದ್ದ. ಶಾಂತಲಿಂಗಪ್ಪ ಅದನ್ನು ಹೆಗಲ ಮೇಲಿಟ್ಟು, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಕೊಟ್ಟಿಗೆಗೆ ಹೋದರೆ, ಗುರಮ್ಮ ವಿಮಾನದ ಮೂತಿಗೆ ವಿಭೂತಿ, ಕುಂಕುಮ ಹಚ್ಚುತ್ತಿದ್ದಳು.

“ಎಂಜಿನ್ ಬಾವಿಗಿ ಬ್ಯಾಡ್ರಿ,” ಅಂದಳು. “ಇಲ್ಲೇ ಇರ್ಲಿ. ಕಣಕಿ ಬ್ಯಾರೆ ಎಲ್ಲ್ಯಾರ ಒಟ್ಟೂಣು. ಬರೂ ವರ್ಷಕ್ಕ ವಾಗ್ದರಿ, ತೋಗರಳ್ಳಿಯವರೂ ಹೇಳಿ ಕಳಿಸ್ಯಾರ. ನಿಮ್ಮಂಥಾ ಶ್ಯಾಣ್ಯಾ ಸುತ್ತ ಹತ್ತ ಹಳ್ಳ್ಯಾಗ ಇಲ್ಲ ಅಂತ ಪಾಟೀಲ್ರು ಅಂದ್ರು. ನನಗ ಎಷ್ಟ ಹೆಮ್ಮಿ ಆತು ಗೊತ್ತೇನ್ರಿ?”

ಲಗ್ನವಾದ ಹದಿನಾರು ವರ್ಷದಲ್ಲಿ ಇಂಥ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಅವಳು ಅವನ ಹೆಗಲ ಕಡೆ ನೋಡಿದಳು.

“ಅದೇನ್ರಿ?”

“ಹೊಸಾ ಪಂಖಾ.”

“ಇದು ಹೆಚ್ಚಿಗಿ ಗಾಳಿ ಬಿಡ್ತದೇನ್ರಿ?”

“ಇದು ಹಿಂದಕ್ಕ ಬಿಡ್ತದ.”

“ಹಂಗಾರ ಅದರ ಉಪಯೋಗ ಏನ್ರಿ?” ಅಂದಳು ಗುರಮ್ಮ. ಅದರಲ್ಲಿ ಕೊಂಕಿರಲಿಲ್ಲ, ತಿಳಿಯದೆ ಕೇಳಿದ್ದಳು.

ಎಂಜಿನ್, ಪಂಖಾಗಳ ಬಗ್ಗೆ ಯಾರೇನು ಕೇಳಿದರೂ ಅರ್ಧ ಗಂಟೆ ಉತ್ತರ ಹೇಳುತ್ತಿದ್ದ ಮನುಷ್ಯ ಬಾಗಿಲಾಚೆಯ ಹೊಲದ ಕಡೆ ಒಮ್ಮೆ ನೋಡಿ ಹೆಗಲ ಮೇಲಿನದನ್ನು ಇಳಿಸಿದ.

“ಉಪಯೋಗ ಏನಿಲ್ಲ,” ಅಂದು, ಹೊಸ ಪಂಖಾವನ್ನು ಗೋಡೆಗೆ ಒರಗಿಸಿ, ಕೈಯಲ್ಲಿದ್ದ ಪಾನಾದಿಂದ ಹಳೆಯದರ ನಟ್ಟುಗಳನ್ನು ಇನ್ನಷ್ಟು ಬಿಗಿದ.