ಕಾಯಿಲ್ ಸುತ್ತುವ ನಾಯಕಿ

ಆ ಕಾಲದಲ್ಲಿ ಹೆಂಗಸರು ಬರೆದ ಕಾದಂಬರಿಗಳಿಗೆ ಎಲ್ಲಿಲ್ಲದ ಬೇಡಿಕೆ. ಗಂಡಸರೂ ಹೆಣ್ಣು ಹೆಸರಿಟ್ಟುಕೊಂಡು ಬರೆಯುತ್ತಿದ್ದರು. ಹಾಗಾಗಿ ನಾನು ಕಳಿಸಿದ ಧಾರಾವಾಹಿಯ ಮೊದಲ ಮೂರು ಕಂತುಗಳನ್ನು ಓದಿದ ವಾರಪತ್ರಿಕೆಯ ಸಂಪಾದಕರಿಗೆ ಅನುಮಾನ ಬಂತು. ಬರೆದವರು ಗಂಡಸಿರಬೇಕು, ಒಮ್ಮೆ ಕಚೇರಿಗೆ ಬಂದು ಕಾಣಿ ಎಂದು ಕಾರ್ಡು ಹಾಕಿದರು.

ನನಗೆ ನಗು ತಡೆಯಲಾಗಲಿಲ್ಲ. ನಾನು ಪೀಣ್ಯದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವವಳು, ನನ್ನ ನಾಯಕಿಯೂ ಅದೇ ಕೆಲಸದವಳು. ತಾಮ್ರದ ತಂತಿ ಬೆರಳು ಕುಯ್ಯುವುದು, ವಾರ್ನಿಷ್ ವಾಸನೆಗೆ ಊಟ ಸೇರದಿರುವುದು, ಎಲ್ಲ ಬರೆದಿದ್ದೆ. ಇದೆಲ್ಲ ಹೆಂಗಸಿಗೆ ಹೇಗೆ ಗೊತ್ತು ಎಂದುಕೊಂಡರೇನೋ. ಸಿಟ್ಟು ಬಂದರೂ ಖುಷಿಯೇ ಹೆಚ್ಚು. ಬೇಡವಾಗಿದ್ದರೆ ಸುಮ್ಮನೆ ವಾಪಸ್ ಕಳಿಸುತ್ತಿದ್ದರಲ್ಲ.

ರಜ ಹಾಕಿ, ಮದುವೆಯ ರೇಷ್ಮೆ ಸೀರೆ ಉಟ್ಟು, ಯಜಮಾನರನ್ನೂ ಹೊರಡಿಸಿಕೊಂಡು ದಾಸರಹಳ್ಳಿಯಲ್ಲಿ ಬಸ್ಸು ಹತ್ತಿದೆ. "ಹೆಣ್ಣು ತೋರಿಸೋಕೆ ಕರ್ಕೊಂಡು ಹೋಗ್ತಿರೋ ಹಾಗಿದೆ ಕಣೇ" ಎಂದು ಅವರು ದಾರಿಯುದ್ದಕ್ಕೂ ಕಾಲೆಳೆದರು. ಮೆಜೆಸ್ಟಿಕ್ ಬರುವಷ್ಟರಲ್ಲಿ ನಾನು ಹತ್ತು ಸಲ ಸೆರಗು ಸರಿಮಾಡಿಕೊಂಡಿದ್ದೆ.

ಸಂಪಾದಕರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮಾತೆಲ್ಲ ಯಜಮಾನರ ಜೊತೆಯೇ ಆಡಿದರು.

"ಚೆನ್ನಾಗಿ ಬರೀತೀರ ಕಣ್ರೀ. ಹೆಂಡತಿ ಹೆಸರು ಹಾಕಿದ್ದೂ ಒಳ್ಳೇದಾಯ್ತು. ಆದ್ರೆ ನಾಯಕೀನ ಬ್ಯಾಂಕ್ ಕೆಲಸಕ್ಕೆ ಸೇರಿಸ್ಬಿಡಿ. ಫ್ಯಾಕ್ಟ್ರಿ ಹುಡುಗೀನ ನಮ್ಮ ಓದುಗರು ಒಪ್ಪಲ್ಲ."

"ನಾನು ಅದನ್ನ ಓದೇ ಇಲ್ಲ ಸಾರ್. ಬರೆದೋಳು ಇವಳು, ಇವಳನ್ನೇ ಕೇಳಿ" ಎಂದರು ಯಜಮಾನರು.

ಸಂಪಾದಕರು ನನ್ನ ಕಡೆ ತಿರುಗಿದರು. ಹೂಂ ಅಂದಿದ್ದರೆ ಅಲ್ಲೇ ಕೆಲಸ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ಹೂಂ ನಾಲಗೆಯ ತುದಿಗೇ ಬಂದಿತ್ತು. ಆದರೆ ನನ್ನ ಹುಡುಗಿಯನ್ನು ಬ್ಯಾಂಕಿನ ಫ್ಯಾನಿನ ಕೆಳಗೆ ಕೂರಿಸಿದರೆ ಅವಳು ಯಾರೋ ಆಗಿಬಿಡುತ್ತಾಳೆ ಅನ್ನಿಸಿತು.

"ಅವಳು ಕಾಯಿಲ್ ಸುತ್ತಲಿ ಸಾರ್. ಬೇರೆ ಏನು ಬೇಕಾದ್ರೂ ಬದಲಾಯಿಸ್ತೀನಿ."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಹಾಗಾದ್ರೆ ಕಣ್ಣೀರು ಒಂಚೂರು ಜಾಸ್ತಿ ಮಾಡಮ್ಮ" ಎಂದರು.

ಕಣ್ಣೀರಿಗೇನು ಬರವೇ? ಆ ವಾರವೇ ಮೂರೂ ಕಂತುಗಳನ್ನು ತೊಯ್ಯಿಸಿ ಕಳಿಸಿದೆ.

ಮೊದಲ ಕಂತು ಬಂದ ದಿನ ಬಸ್ ಸ್ಟಾಪಿನ ಅಂಗಡಿಯಲ್ಲೇ ಪತ್ರಿಕೆ ಬಿಚ್ಚಿದೆ. ಅಚ್ಚಿನಲ್ಲಿ ನನ್ನ ಹೆಸರು! ಕುಣಿಯುವಂತಾಯಿತು. ಆಮೇಲೆ ಚಿತ್ರ ಕಂಡಿತು. ಕಲಾವಿದರು ನಾಯಕಿಗೆ ಉದ್ದ ಜಡೆ ಹೆಣೆದು, ಮುಂದೆ ಟೈಪ್‌ರೈಟರ್ ಇಟ್ಟಿದ್ದರು. ಹೊಟ್ಟೆ ಉರಿದುಹೋಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಸೆಕ್ಷನ್ನಿನ ಹೆಂಗಸರೆಲ್ಲ ಸುತ್ತ ಕೂತರು. ಒಬ್ಬಳು ಗಟ್ಟಿಯಾಗಿ ಓದಿದಳು. ಬೆರಳು ಕುಯ್ದ ಜಾಗ ಬಂದಾಗ ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡು ನಕ್ಕರು. ಚಿತ್ರ ತಪ್ಪಾಗಿದೆ ಎಂದು ನಾನು ಗೊಣಗಿದೆ.

ಪಕ್ಕದ ಮೆಷಿನ್ನಿನವಳು ಪತ್ರಿಕೆ ಕಸಿದುಕೊಂಡು ನೋಡಿದಳು. "ಚಿತ್ರದಾಗೆ ಯಾರಾನ ಇರ್ಲಿ ಬುಡಕ್ಕ, ಒಳಗಿರೋಳು ನಾವೇ. ಮದ್ವೆ ಆದ್ಮೇಲೆ ಇವಳ್ನ ಕೆಲಸ ಮಾತ್ರ ಬಿಡಿಸ್ಬೇಡ ಕಣಕ್ಕ."

ಮುಂದೆ ಅವಳಿಗೆ ಮದುವೆ ಮಾಡಿಸಿದೆ, ಸಂಪಾದಕರಿಗೆ ಸಾಕಾಗುವಷ್ಟು ಅಳಿಸಿದೆ. ಕೆಲಸ ಮಾತ್ರ ಬಿಡಿಸಲಿಲ್ಲ.