ಚಿಕ್ಕೇರೂರಿನ ನೂರು ಉತ್ತರಗಳು

ಶಿಗ್ಗಾಂವದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಉಳಿವೆಪ್ಪ ಮಾಸ್ತರರಿಗೆ ಒಂದೇ ಹುಚ್ಚು. ಸುದ್ದಿ ಕಳಿಸುವ ಯಂತ್ರಗಳೆಲ್ಲ ದೊಡ್ಡ ದೇಶಗಳ ಕೈಯಲ್ಲಿವೆ. ಆ ಸುದ್ದಿ ನಮ್ಮ ಹಳ್ಳಿಯವರ ತಲೆಗೆ ಹೋಗುವುದು ಹೇಗೆ? ಇದರ ಮೇಲೆ ಪಿಎಚ್.ಡಿ. ಸಿಕ್ಕರೆ ವಿಶ್ವವಿದ್ಯಾಲಯದಲ್ಲಿ ಕೆಲಸ. ಸಿಗದಿದ್ದರೆ ಹರಕು ನೋಟ್ಸು ಓದಿ ಹೇಳುತ್ತ ಇಲ್ಲೇ ಮುದುಕನಾಗುವುದು. ಆ ಹೆದರಿಕೆಗೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

೧೯೭೭ರಿಂದ ನಾಲ್ಕು ವರ್ಷ, ರವಿವಾರ ಬಂತೆಂದರೆ ಬಸ್ಸು ಬದಲಿಸಿ ಚಿಕ್ಕೇರೂರಿಗೆ ಹೋದರು. ಪಂಚಾಯ್ತಿ ರೇಡಿಯೋದ ಮುಂದೆ ಕೂರುವ ನೂರು ಮಂದಿಗೆ ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡರು. ಅಬ್ಬಬ್ಬಾ, ಏನು ಉತ್ತರಗಳು! ಹತ್ತಿ ಬಿಡಿಸುವ ಶಾರವ್ವ ಕೂಡ, ಚಿಮಣಿ ಎಣ್ಣೆ ತುಟ್ಟಿಯಾಗಲು ಇರಾನಿನ ಗದ್ದಲ ಕಾರಣವೆಂದಳು. ರೇಡಿಯೋ ಹಳ್ಳಿಗೆ ಜಗತ್ತನ್ನೇ ತಂದಿದೆ ಎಂದು ಮಾಸ್ತರರು ಮುನ್ನೂರು ಪುಟ ಬರೆದರು.

ಟೈಪಾದ ಪ್ರತಿ ಹಿಡಿದು ಶಾರವ್ವನ ಮನೆಗೆ ಹೋದರು.

“ರೇಡಿಯೋ ಕೇಳಿ ಎಷ್ಟ ಶಾಣ್ಯಾ ಆಗೀಯಬೇ ಶಾರವ್ವ!”

“ಅಯ್ಯ, ಆ ಡಬ್ಬಿ ಮಾತು ಯಾರಿಗೆ ತಿಳಿತೈತ್ರಿ ಮಾಸ್ತರ? ಎಲ್ಲಾ ನೀವ ಹೇಳಿದ್ದಲ್ಲೇನ್ರಿ!”

ಬಂದವರು ಮೊದಲು ಹೊರಗಿನ ಸುದ್ದಿ ಹೇಳಬೇಕು, ಆಮೇಲೆ ತಮ್ಮ ಕೆಲಸ ಕೇಳಬೇಕು. ಅಲ್ಲಿಯ ರೀತಿ ಅದು. ಮಾಸ್ತರರು ಪ್ರತಿ ವಾರ ಚಹಾ ಕುಡಿಯುತ್ತ ಇರಾನು, ಅಮೆರಿಕ ಎಲ್ಲ ಬಿಡಿಸಿ ಹೇಳಿಯೇ ಕಾಗದ ತೆಗೆಯುತ್ತಿದ್ದರು. ನಾಲ್ಕು ವರ್ಷ ತಮ್ಮ ಮಾತನ್ನೇ ತಾವು ಬರೆದುಕೊಂಡಿದ್ದರು. ಓದಿದವರ ದಡ್ಡತನ ನೋಡಿ!

ಮಾರ್ಗದರ್ಶಕ ಮಹಾಲಿಂಗಪ್ಪನವರ ಮುಂದೆ ಹೋಗಿ ಎಲ್ಲ ಹೇಳಿಕೊಂಡರು.

“ಬಾಯಿ ಮುಚ್ಚಿಕೊಂಡ ಕುಂದ್ರು,” ಎಂದರು ಅವರು. “ದಿಲ್ಲಿ ಸಭಾದಾಗ ನಾನೂ ನಿನ್ನ ಈ ನೂರು ಉತ್ತರ ಹೇಳಿ ಬಂದೇನಿ. ಈಗ ಸುಳ್ಳಂದ್ರ ಇಬ್ಬರದೂ ಮಾನ ಹೊಕ್ಕೈತಿ.”

ಉಳಿವೆಪ್ಪ ಬಾಯಿ ಮುಚ್ಚಿದರು. ಪದವಿ ಬಂತು, ಕೆಲಸವೂ ಬಂತು. ಆಮೇಲೆ ಯಾವ ಸಭೆಗೆ ಕರೆದರೂ ಅದೇ ಚಿಕ್ಕೇರೂರು. ಹೊಸದೊಂದು ಬರೆಯಬೇಕೆಂದರೆ ಹಳೆಯದನ್ನು ಸುಳ್ಳೆನ್ನಬೇಕು. ಬರೆಯುವುದನ್ನೇ ಬಿಟ್ಟರು.

೧೯೮೮ರಲ್ಲಿ ಎಂ.ಎ. ಪರೀಕ್ಷೆಗೆ ಆ ನೂರು ಉತ್ತರಗಳ ಮೇಲೆಯೇ ಪ್ರಶ್ನೆ ಬಂದಿತ್ತು. ಒಬ್ಬ ವಿದ್ಯಾರ್ಥಿ ಬರೆದಿದ್ದ: ‘ನಾನು ಆ ಸೀಮೆಯವನು. ರೇಡಿಯೋ ಕೇಳಿ ನಮ್ಮವರಿಗೆ ಇಷ್ಟೆಲ್ಲ ತಿಳಿಯುವುದಿಲ್ಲ. ಕೇಳಲು ಹೋದವರೇ ಹೇಳಿಕೊಟ್ಟಿರಬೇಕು.’

ಉತ್ತರಪತ್ರಿಕೆ ತಿದ್ದುತ್ತಿದ್ದ ಮಾಸ್ತರರು ಅದನ್ನು ಎರಡು ಸಲ ಓದಿದರು. ಇಷ್ಟು ವರ್ಷಗಳಲ್ಲಿ ನಿಜ ಬರೆದವನು ಇವನೊಬ್ಬನೇ. ಅಂಕ ಕೊಟ್ಟರೆ, ಇದನ್ನೇ ಮತ್ತೆ ತಿದ್ದುವ ಇನ್ನೊಬ್ಬ ಪರೀಕ್ಷಕ ಏಕೆಂದು ಕೇಳುತ್ತಾನೆ; ಆಗ ಎಲ್ಲ ಹೊರಬೀಳುತ್ತದೆ. ಕೆಂಪು ಪೆನ್ನಿನಿಂದ ಸೊನ್ನೆ ಹಾಕಿ, ಆ ಉತ್ತರಪತ್ರಿಕೆಯ ಮೇಲೆಯೇ ತಲೆಯಿಟ್ಟು ಅತ್ತುಬಿಟ್ಟರು.