ಶೋರೂಮಿನ ಕತ್ತಲಲ್ಲಿ ಇಟ್ಟ ಬಳೆ

ಕಣ್ಣಿಗೆ ಕಾಣದ್ದನ್ನು ನಾನು ನಂಬಿದವಳಲ್ಲ. ಕಾಲೇಜಿನಲ್ಲಿ ವಿಜ್ಞಾನ ಕಲಿಸಿದವಳು. ಮೈಮೇಲೆ ದೇವರು ಬಂತೆಂದು ಯಾರಾದರೂ ಹೇಳಿದರೆ ಮುಖದೆದುರೇ ನಕ್ಕುಬಿಡುತ್ತಿದ್ದೆ. ಈಗ ಹೇಳಲಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಬೈಲಹೊಂಗಲದ ನಮ್ಮ ಪೇಟೆ ರಸ್ತೆಯಲ್ಲಿ ಗಂಗವ್ವನ ಬಳೆ ಅಂಗಡಿ ಇತ್ತು. ಒಂದು ಕಟ್ಟೆ, ಮೇಲೊಂದು ತಗಡು, ಅಷ್ಟೇ. ಓಣಿಯಲ್ಲಿ ಯಾವ ಬಸುರಿಯ ಕುಬಸವಿದ್ದರೂ, ಅಂದರೆ ಸೀಮಂತವಿದ್ದರೂ, ಹಸಿರು ಸೀರೆಯ ಜೊತೆಗೆ ಹಸಿರು ಗಾಜಿನ ಬಳೆ ಬೇಕು, ಅದನ್ನು ಇಡುವವಳು ಗಂಗವ್ವ. ಬಳೆಯನ್ನು ಪೊಟ್ಟಣ ಕಟ್ಟಿ ಕೊಟ್ಟವಳೇ ಅಲ್ಲ, ತಾನೇ ಕೈ ಹಿಡಿದು ತೊಡಿಸಬೇಕು. ಜಾಗದ ಮಾಲೀಕರು ಆ ಸಾಲನ್ನೇ ಕೆಡವಿ ಕಾಂಪ್ಲೆಕ್ಸ್ ಕಟ್ಟಿದರು. ಒಳಗೊಂದು ಮೂಲೆ ಕೊಡುತ್ತೇವೆಂದು ಅವಳಿಗೆ ಮಾತು ಕೊಟ್ಟವರು, ಕಟ್ಟಡ ಎದ್ದ ಮೇಲೆ ಗುರುತೇ ಇಲ್ಲದವರಂತೆ ನಡೆದುಕೊಂಡರು. ಅವಳು ಚಚಡಿಯಲ್ಲಿದ್ದ ಮಗಳ ಮನೆ ಸೇರಿದಳು. ಈಗ ಆ ರಸ್ತೆಯುದ್ದಕ್ಕೂ ಗಾಜಿನ ಬಾಗಿಲು, ಮೊಬೈಲ್ ಕವರು, ಕಿವಿ ಹರಿಯುವ ಸ್ಪೀಕರು. ಅಲ್ಲಿ ಕಾಲಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಮಗಳ ಕುಬಸ ಬಂತು. ಕೈ ಹಿಡಿದು ಬಳೆ ಇಡುವವರನ್ನು ಹುಡುಕಿ ಪೇಟೆಯೆಲ್ಲ ಸುತ್ತಿದೆ. ಎಲ್ಲ ಕಡೆ ಒಂದೇ ರಾಗ: “ಸೈಜ್ ಹೇಳ್ರಿ, ಬಾಕ್ಸ್ ಕೊಡತೇವಿ.” ಗಂಗವ್ವನಿಗೆ ಹೇಳಿಕಳಿಸಿದರೆ, ಇನ್ನು ಈ ಊರಿಗೆ ಕಾಲಿಡುವುದಿಲ್ಲ ಎಂದಳಂತೆ. ಅವಳದೇನು ತಪ್ಪು?

ಸೀರೆಗೆಂದು ಮಗಳು ಅದೇ ಕಾಂಪ್ಲೆಕ್ಸಿನ ಶೋರೂಮಿಗೆ ಎಳೆದುಕೊಂಡು ಹೋದಳು. ಮಧ್ಯಾಹ್ನದ ಹೊತ್ತು. ಸೀರೆ ನೋಡುತ್ತಿದ್ದಾಗ ಕರೆಂಟು ಹೋಯಿತು. ಕಿಟಕಿಯಿಲ್ಲದ ಆ ಡಬ್ಬಿಯಲ್ಲಿ ಪಕ್ಕದವರ ಮುಖವೂ ಕಾಣಲಿಲ್ಲ. ಆಗ ಹತ್ತಿರದಲ್ಲೇ ಹೆಂಗಸಿನ ದನಿಯೊಂದು ಮೆಲ್ಲಗೆ ಹೇಳಿತು: “ಕೈ ಸಡ್ಲ ಬಿಡವ್ವಾ.” ಗಾಜಿನ ಬಳೆಗಳ ಸದ್ದೂ ಕೇಳಿಸಿತು.

ದೀಪ ಬಂದಾಗ ಮಗಳ ಎರಡೂ ಕೈ ತುಂಬ ಹಸಿರು ಬಳೆ.

“ಯವ್ವಾ, ಇಟ್ಟಾಕಿ ನೀ ಅಲ್ಲೇನು?” ಎಂದಳು ಅವಳು.

ಬಾಗಿಲಲ್ಲಿ ಕಾವಲುಗಾರ ತಡೆದ. “ಬಳಿದು ಬಿಲ್ ತೋರಸ್ರಿ.”

“ಗಾಜಿನ ಬಳಿ ಮಾರತೀರೇನು ನೀವು?”

“ಇಲ್ರಿ.”

“ಹಂಗಾದ್ರ ಯಾವ ಬಾಯಿಲೆ ಬಿಲ್ ಕೇಳತೀರಿ?” ಎಂದು ಕೂಗಿದೆ. ಅಂಗಡಿಯೆಲ್ಲ ತಿರುಗಿ ನೋಡಿತು. ನೋಡಲಿ! ಗಂಗವ್ವನ ಕಟ್ಟೆ ಒಡೆದಾಗ ಹೀಗೆ ಕೂಗುವವರು ಒಬ್ಬರೂ ಇರಲಿಲ್ಲ.

ಮರುದಿನ ಮಗಳನ್ನು ಕರೆದುಕೊಂಡು ಚಚಡಿಗೆ ಹೋದೆ. ನಿನ್ನೆಯಿಡೀ ಗಂಗವ್ವ ಅಂಗಳ ದಾಟಿಲ್ಲವೆಂದು ಮನೆಯವರು, ಅಕ್ಕಪಕ್ಕದವರು ಎಲ್ಲರೂ ಹೇಳಿದರು. ಅವಳು ನನ್ನ ಮಗಳ ಕೈ ಹಿಡಿದು ಒಂದೊಂದೇ ಬಳೆ ತಿರುಗಿಸಿ ನೋಡಿದಳು. ಅಳತೆ ಸರಿಯಾಗಿತ್ತು.

“ನಾ ಇಟ್ಟದ್ದಲ್ಲರಿ ಅಕ್ಕಾರ,” ಎಂದಳು. “ಆದ್ರ ಆ ಜಾಗಾಕ್ಕ ಬಸರಿ ಬಂದು ಬರಿಗೈಲೆ ಹ್ಯಾಂಗ ಹೋಗತಾಳ್ರಿ?”

ತಲೆ ಕೆರೆದುಕೊಂಡು ಸಾಕಾಗಿದೆ. ಆ ಬಳೆ ಇಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ಆ ಕಟ್ಟೆ ಕಿತ್ತವರು ಯಾರೆಂದು ಊರಿಗೆಲ್ಲ ಗೊತ್ತು, ಊರೆಲ್ಲ ಅಲ್ಲೇ ಸೀರೆ ಕೊಳ್ಳುತ್ತದೆ.